ಸೀಮೆಸುಣ್ಣದ ಗಾಡಿ

ನಿಂಬೆಹಣ್ಣಿನ ಹಸಿ ಸಿಪ್ಪೆಗೆ ಯಾರಾದರೂ ಉಗುರು ತಾಗಿಸಿದರೆ ಸಾಕು, ಡೀಸೆಲ್ ಹೊಗೆ, ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ತೊಳೆದು ತೊಳೆದು ಮೆತ್ತಗಾದ ಇಳಕಲ್ ಸೀರೆಯ ಸೆರಗು, ಮೂರೂ ಒಟ್ಟಿಗೆ ನನ್ನ ಮೂಗಿಗೆ ಬರುತ್ತವೆ. ಹೋದ ವಾರ ಮನೆಯಲ್ಲಿ ಹಾಗೆಯೇ ಆಯಿತು. ಮಗ ಮತ್ತು ಸೊಸೆ ಹುಬ್ಬಳ್ಳಿಯ ಆಚೆ ಇರುವ ಯಾವುದೋ ನೀರಾಟದ ರೆಸಾರ್ಟಿಗೆ ಹೋಗಬೇಕೆಂದು ಮೊಬೈಲು ಹಿಡಿದು ಕೂತಿದ್ದರು. ಜಾರುವ ಕೊಳವೆಗಳು, ನಕಲಿ ಅಲೆಗಳು, ರಾತ್ರಿ ಉಳಿಯಲು ಗುಡಿಸಲಿನಂಥ ಕೋಣೆಗಳು ಎಂದು ಮೊಮ್ಮಗಳು ಒಂದೊಂದೇ ಚಿತ್ರವನ್ನು ನನಗೆ ತೋರಿಸುತ್ತಿದ್ದಳು. ಅವಳಿಗೆ ಕಾರು ಹತ್ತಿದರೆ ಹೊಟ್ಟೆ ತೊಳಸುತ್ತದೆ. ದಾರಿಗೆ ಆಗಲೆಂದು ಸೊಸೆ ನಿಂಬೆಹಣ್ಣು ಆರಿಸುತ್ತ ಒಂದನ್ನು ಉಗುರಿನಿಂದ ಗೀರಿ ಮೂಸಿದಳು. ಆಗ ಮಗ ತನ್ನ ಮಗಳ ಕಡೆ ನೋಡಿ ನಗುತ್ತ, "ಇಕಿ ಥೇಟ್ ನಮ್ಮ ನೀಲಜ್ಜಿ ನೋಡು. ಗಾಡಿ ಆಗಿಬರಂಗಿಲ್ಲ" ಅಂದ. ಮಗ ನೀಲಜ್ಜಿಯನ್ನು ನೋಡಿಲ್ಲ. ಅವನು ಹುಟ್ಟುವ ಮೊದಲೇ ಆಕೆ ತೀರಿಹೋಗಿದ್ದಳು. ಆಕೆಯ ಬಗ್ಗೆ ಅವನಿಗೆ ಗೊತ್ತಿರುವುದು ಇದೊಂದೇ ಮಾತು, ಮತ್ತು ಆ ಒಂದು ಮಾತು ಸುಳ್ಳು. ಅದು ಸುಳ್ಳೆಂದು ತಿಳಿದವರಲ್ಲಿ ಈಗ ಉಳಿದಿರುವವನು ನಾನೊಬ್ಬನೇ.

ನೀಲಮ್ಮ ನನ್ನ ಅಪ್ಪನ ತಂಗಿ. ನಾವು ಮಕ್ಕಳು ನೀಲತ್ತಿ ಎನ್ನುತ್ತಿದ್ದೆವು. ಮದುವೆಯಾಗಿ ಶಿರಹಟ್ಟಿಗೆ ಹೋದವಳು ಎರಡು ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ಬೆಟಗೇರಿಯ ನಮ್ಮ ಮನೆಗೆ ವಾಪಸು ಬಂದಳು. ಹಾಗೆ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಾರಿಕೊಂಡಿದ್ದಳಂತೆ. ಎಷ್ಟು ದಿನದಿಂದ ಊಟ ಬಿಟ್ಟಿದ್ದಳು, ಎಷ್ಟು ಅತ್ತಿದ್ದಳು ಎಂಬುದನ್ನು ಯಾರೂ ನೆನಪಿಡಲಿಲ್ಲ. ನೀಲಾಗೆ ಗಾಡಿ ಆಗಿಬರುವುದಿಲ್ಲ ಎಂಬುದನ್ನು ಮಾತ್ರ ಎಲ್ಲರೂ ನೆನಪಿಟ್ಟರು. ಆಮೇಲೆ ಆಕೆ ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಆ ಮನೆ ಈಗಿಲ್ಲ. ಮುಂದೆ ದೊಡ್ಡಪ್ಪನ ಕಿರಾಣಿ ಅಂಗಡಿ, ಅದರ ಹಿಂದೆ ಕರಿಕಲ್ಲು ಹಾಸಿದ ಪಡಸಾಲೆ, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ನಿಂಬೆ ಗಿಡ. ಶೇಂಗಾದ ಹೊಟ್ಟು, ಸೀಮೆ ಎಣ್ಣೆ, ಬೆಲ್ಲದ ಪೆಂಟಿ, ಇವೆಲ್ಲ ಕಲೆತ ಒಂದು ವಾಸನೆ ಆ ಮನೆಗಿತ್ತು. ಓಣಿಯ ಮಗ್ಗಗಳ ಸದ್ದು ಬೆಳಿಗ್ಗೆ ಶುರುವಾದರೆ ದೀಪ ಹಚ್ಚುವ ಹೊತ್ತಿನವರೆಗೂ ನಿಲ್ಲುತ್ತಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಬೆಳಿಗ್ಗೆ ಎದ್ದಾಗ ಒಲೆ ಹೊತ್ತಿರುತ್ತಿತ್ತು, ಯಾರು ಹೊತ್ತಿಸಿದರೆಂದು ಮಕ್ಕಳು ಕೇಳುತ್ತಿರಲಿಲ್ಲ. ನಮ್ಮಲ್ಲಿ ಹೊತ್ತಿಸುತ್ತಿದ್ದವಳು ನೀಲತ್ತಿ.

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ ದೊಡ್ಡಪ್ಪನ ತಲೆಗೆ ಹೊಸಪೇಟೆ ಡ್ಯಾಮಿನ ತೋಟ ಹೊಕ್ಕಿತು. ದೊಡ್ಡವ್ವನ ತಮ್ಮ ಅದನ್ನು ನೋಡಿ ಬಂದು, ಅಲ್ಲಿ ಕೆಂಪು, ಹಸಿರು, ನೀಲಿ ನೀರು ಮುಗಿಲಿಗೆ ಹಾರುತ್ತದೆ, ಜಾರುಬಂಡೆಯಿದೆ, ಜೋಕಾಲಿಯಿದೆ ಎಂದು ಹೊಗಳಿದ್ದೇ ಕಾರಣ. ಶಾಲೆಯ ರಜೆಯಲ್ಲಿ ಮನೆಮಂದಿಯೆಲ್ಲ ಒಂದೇ ಗಾಡಿಯಲ್ಲಿ ಹೋಗಬೇಕು ಎಂದು ದೊಡ್ಡಪ್ಪ ಹಟ ಹಿಡಿದ. ಅಂಗಡಿಗೆ ಮಾಲು ತಂದು ಹಾಕುತ್ತಿದ್ದ ರಾಜಾಸಾಬನ ಹತ್ತಿರ ಹೊಸದಾಗಿ ಸೀಟು ಹೊಲಿಸಿದ ಮೆಟಡಾರ್ ಇತ್ತು. ಅವನು ಒಪ್ಪಿದ, ಆದರೆ ಒಂದು ಕರಾರು ಹಾಕಿದ. "ಯಜಮಾನ್ರ, ನೀವು ಅಂದ್ರ ನನಗ ಮನಿಯವರಿದ್ದಂಗ. ಖರೆ, ನಾಳೆ ಅದ ಸೀಟಿನ ಮ್ಯಾಲೆ ಮದುವಿ ಮಂದಿ ಕುಂಡ್ರತಾರ. ಕಾರ್ಕೊಳ್ಳೋರು ಯಾರರ ಇದ್ರ ಈಗ ಹೇಳ್ರಿ, ಅವರನ್ನ ಬಿಟ್ಟು ಹೋಗೂಣು." ಎಲ್ಲರೂ ಅಡುಗೆಮನೆಯ ಕಡೆ ನೋಡಿದರು. ನೀಲತ್ತಿ ಹೊಸ್ತಿಲ ಮೇಲೆ ನಿಂತಿದ್ದಳು. "ನಾ ರೂಢಿ ಮಾಡ್ಕೋತೀನಿ, ಅಣ್ಣಾ" ಅಂದಳು. ಆಕೆ ಏನನ್ನಾದರೂ ಕೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ದೊಡ್ಡಪ್ಪ, "ಆತು, ಸೂಟಿ ಬರೂಮಟ ವ್ಯಾಳೆ ಐತಿ. ನೋಡೂಣು" ಅಂದ.

ಮರುದಿನ ಊಟವಾದ ಮೇಲೆ ದೊಡ್ಡಪ್ಪ ಪಡಸಾಲೆಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಆ ಮೆಟಡಾರನ್ನು ಬರೆದ. ಅಳತೆಯನ್ನು ಹಗ್ಗದಲ್ಲಿ ಹಿಡಿದು ತಂದಿದ್ದ. ಡ್ರೈವರನ ಸೀಟು, ಬಾಗಿಲು, ಕಿಟಕಿ, ಎದುರುಬದುರು ಬಾಕುಗಳು, ಎಲ್ಲ ಬರೆದು ನಮ್ಮನ್ನು ಅದರೊಳಗೆ ಕೂರಿಸಿದ. ಅಪ್ಪನ ಅವ್ವ, ನಮ್ಮ ಆಯಿ, ಮುಂದೆ ಕೂತಳು. "ಮಣಕಾಲು ಮಡಚಲೇ, ಗೆರಿ ದಾಟೈತಿ!" ಎಂದು ದೊಡ್ಡಪ್ಪ ಅಪ್ಪನನ್ನೇ ಗದರಿದಾಗ ಅವ್ವ ಸೆರಗು ಬಾಯಿಗೆ ಹಚ್ಚಿ ನಕ್ಕಳು. ದೊಡ್ಡವ್ವ ಕೂತರೆ ಗೆರೆ ಸಾಲದೆ, ಆಕೆ ಸಿಟ್ಟಿಗೆದ್ದು, "ನಾ ಏನ್ ಹುಲ್ಲಿನ ಬಣವೀನ?" ಎಂದು ಎದ್ದುಹೋಗಿ, ಮತ್ತೆ ತಾನಾಗಿ ಬಂದು ಕೂತಳು. ನೀಲತ್ತಿಗೆ ಎಡಗಡೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆಕೆ ಪಾದ ಜೋಡಿಸಿ, ಸೀರೆ ಒತ್ತಿಕೊಂಡು, ಗೆರೆಯೊಳಗೆ ಇದ್ದೂ ಇಲ್ಲದ ಹಾಗೆ ಕೂತು, ಗೋಡೆಯನ್ನೇ ಹೊರಗಿನ ಹೊಲವೆಂಬಂತೆ ನೋಡುತ್ತಿದ್ದಳು. ಆ ಗೆರೆಗಳನ್ನು ಅಳಿಸಬಾರದೆಂದು ದೊಡ್ಡಪ್ಪನ ಅಪ್ಪಣೆಯಾಯಿತು. ಕಸ ಹೊಡೆಯುವಾಗ ಮಾಸಿದ್ದನ್ನು ಮತ್ತೆ ತಿದ್ದುವ ಕೆಲಸ ನನ್ನದು.

ಆಮೇಲೆ ನೀಲತ್ತಿಯ ರೂಢಿ ಶುರುವಾಯಿತು. ಜೊತೆಗೆ ನಾನು. ಮೊದಲು ಬೆಟಗೇರಿಯಿಂದ ಗದಗದವರೆಗೆ ಸಿಟಿ ಬಸ್ಸಿನಲ್ಲಿ ಹೋಗುವುದು, ನಿಲ್ದಾಣದ ಕಟ್ಟೆಯ ಮೇಲೆ ಸುಧಾರಿಸಿಕೊಳ್ಳುವುದು, ಬರುವುದು. ಆಕೆಯ ಮುಷ್ಟಿಯಲ್ಲಿ ಹಿತ್ತಲ ನಿಂಬೆಹಣ್ಣು. ಮೊದಲ ದಿನ ತುಟಿ ಬಿಳುಪೇರಿ, ಹಣೆ ಬೆವತು, ನನ್ನ ಅಂಗಿಯ ತೋಳನ್ನು ಹಿಂಡಿಬಿಟ್ಟಳು. ಆದರೂ ತಡೆದುಕೊಂಡಳು. ದಿನಾ ಕಾಣುವ ನಮ್ಮನ್ನು ಕಂಡಕ್ಟರ್ ಒಮ್ಮೆ ಕೇಳಿದ: "ಏನ್ರೀ ಅಕ್ಕಾರ, ದಿನಾ ಗದಗಿನ್ಯಾಗ ಏನ್ ಕೆಲಸ?" ನೀಲತ್ತಿ, "ಕೆಲಸ ಏನಿಲ್ಲರಿ. ಬಸ್ಸಿನ್ಯಾಗ ಕುಂಡ್ರೂದು ಕಲ್ಯಾಕ ಹತ್ತೀನಿ" ಅಂದಳು. ಅವನು, "ಪಾಸ್ ಆದ್ರ ಪೇಡೆ ಕೊಡಬೇಕ್ರಿ ಮತ್ತ!" ಎಂದಾಗ ಇಡೀ ಬಸ್ಸು ನಕ್ಕಿತು, ಆಕೆಯೂ ನಕ್ಕಳು. ಆಮೇಲೆ ಹುಲಕೋಟಿಗೆ ಹೋದೆವು. ಆಮೇಲೆ ಲಕ್ಷ್ಮೇಶ್ವರಕ್ಕೆ, ಅದೂ ಮುಳಗುಂದದ ಹಾದಿಯ ಬಸ್ಸಿನಲ್ಲಿ. "ಶಿರಹಟ್ಟಿ ಮ್ಯಾಲಿಂದ ಹೋಗೂದು ಬ್ಯಾಡ" ಎಂದಷ್ಟೇ ಹೇಳಿದಳು. ಸೋಮೇಶ್ವರ ಗುಡಿಯ ನೆರಳಲ್ಲಿ ಕೂತು ನಾವಿಬ್ಬರೂ ರೊಟ್ಟಿ ತಿಂದೆವು. ಹಿಂದಿರುಗುವಾಗ ಆಕೆ ಕಿಟಕಿಯ ಕಂಬಿಗೆ ಗಲ್ಲವಿಟ್ಟು, ಎರೆಹೊಲ, ಜಾಲಿ, ಕೆರೆಯ ನೀರು, ದನ ಹೊಡೆದುಕೊಂಡು ಹೋಗುವವರು ಎಲ್ಲವನ್ನೂ ಬಿಡದೆ ನೋಡಿದಳು. ನಿಂಬೆಹಣ್ಣು ಆಕೆಯ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. "ನೋಡ್ದೇನು? ಮುಂದಿನ ಹಾದಿ ನೋಡ್ಕೊಂತ ಕುಂತ್ರ ಏನೂ ಆಗಂಗಿಲ್ಲ" ಎಂದು ನನಗೇ ಪಾಠ ಹೇಳಿದಳು.

ಕಡೆಯ ರೂಢಿ ಮುಂಡರಗಿಗೆ. ಅಲ್ಲಿಯ ನಿಲ್ದಾಣದಲ್ಲಿ ನಾನು ಹಟ ಮಾಡಿ ಮಿರ್ಚಿ ತಿಂದೆ, ಮತ್ತೆ ಹಟ ಮಾಡಿ ಇನ್ನೊಂದಿಷ್ಟು ತಿಂದೆ, ಅದರ ಮೇಲೆ ಕಬ್ಬಿನ ಹಾಲು ಕುಡಿದೆ. "ಸಾಕೋ ತಮ್ಮಾ" ಎಂದು ಆಕೆ ಹೇಳುತ್ತಲೇ ಇದ್ದಳು. ತಿರುಗಿ ಬರುವಾಗ ಕಪ್ಪತಗುಡ್ಡದ ಸಾಲು ಕಿಟಕಿಯಲ್ಲಿ ಹಿಂದೆ ಸರಿಯುತ್ತಿದ್ದಂತೆ ನನ್ನ ಬಾಯಲ್ಲಿ ನೀರಾಡಿತು. ಹೇಳುವಷ್ಟರಲ್ಲಿ ಎಲ್ಲ ಆಕೆಯ ಮಡಿಲಿಗೆ ಬಂತು. ಆಕೆ ಅಸಹ್ಯಪಡಲಿಲ್ಲ. ಸೆರಗಿನಲ್ಲಿ ನನ್ನ ಬಾಯಿ ಒರೆಸಿ, ನಿಂಬೆಹಣ್ಣನ್ನು ಗೀರಿ ಮೂಗಿಗೆ ಹಿಡಿದು, ಗದಗ ಬರುವ ತನಕ ನನ್ನ ಬೆನ್ನು ಸವರಿದಳು. ನಿಲ್ದಾಣದ ನಳದಲ್ಲಿ ಸೀರೆ ತೊಳೆದುಕೊಂಡು ಹಸಿಯಾಗಿಯೇ ಮನೆಗೆ ಬಂದಳು. ಬಾಗಿಲಲ್ಲೇ ದೊಡ್ಡಪ್ಪ ನಿಂತಿದ್ದ. ಹಸಿ ಸೀರೆ ನೋಡಿದ, ವಾಸನೆಯೂ ಬಡಿದಿರಬೇಕು. "ಏನಾತು? ಯಾರು ಕಾರ್ಕೊಂಡ್ರು?" ಅಂದ. ನನ್ನ ಕಣ್ಣಿಗೆ ಕಂಡದ್ದು ಪಡಸಾಲೆಯ ಸೀಮೆಸುಣ್ಣದ ಗಾಡಿ, ಅದರಲ್ಲಿ ನನ್ನ ಜಾಗ. ನೀಲತ್ತಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಅತ್ತಿ ಕಾರ್ಕೊಂಡ್ಲು."

ಆಕೆ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಅದನ್ನು ಇಷ್ಟು ವರ್ಷ ಹೊರಬೇಕಾಗಿರಲಿಲ್ಲ. ಇವನಿಗೆ ಇಷ್ಟೊಂದು ಆಸೆಯೇ ಎಂದು ಬೆರಗಾದ ಹಾಗಿತ್ತು. "ಹೌದಣ್ಣಾ, ಹೊಟ್ಟಿ ಕಲಸಿಬಿಟ್ಟಿತು" ಎಂದು ಒಳಗೆ ಹೋದಳು. ದೊಡ್ಡಪ್ಪ ಕೆಟ್ಟವನಲ್ಲ. ಊಟದ ಹೊತ್ತಿಗೆ ಆಕೆಯನ್ನು ಕರೆದು, "ಮುಂದಿನ ಸಲ ಹೋಗೂಣಂತ ನೀಲಾ, ರಾಜಾಸಾಬಗ ಮಾತು ಕೊಟ್ಟೀನಿ" ಎಂದು ಹೇಳಿ, ಅರ್ಧ ಊಟಕ್ಕೇ ಕೈ ತೊಳೆದ. ಒಮ್ಮೆ ಬಾಯಿ ತಪ್ಪಿ ಬಂದ ಸುಳ್ಳಾಗಿದ್ದರೆ ಹುಡುಗುತನ ಎನ್ನಬಹುದಿತ್ತು. ಆದರೆ ಹೊರಡುವುದಕ್ಕೆ ಇನ್ನೂ ದಿನಗಳಿದ್ದವು. ಆ ದಿನಗಳಲ್ಲೆಲ್ಲ ಆಕೆ ನಮ್ಮ ಬುತ್ತಿಗಾಗಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟಿದಳು, ಶೇಂಗಾ ಚಟ್ನಿ ಕುಟ್ಟಿದಳು. ನಾನು ಅದೇ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿಂದೆ. ದೊಡ್ಡಪ್ಪ ಹೇಳಿದ ಮೇಲೆ ಗೆರೆಗಳನ್ನು ತಿದ್ದಿದೆ. ಎಡಗಡೆ ಕಿಟಕಿಯ ಪಕ್ಕದ ಜಾಗದಲ್ಲಿ ಬುತ್ತಿಯ ಗಂಟು ಎಂದು ಬರೆದವನೂ ನಾನೇ.

ಹೊರಡುವ ಬೆಳಿಗ್ಗೆ ನೀಲತ್ತಿ ನನ್ನ ಚಡ್ಡಿಯ ಜೇಬಿಗೆ ಒಂದು ನಿಂಬೆಹಣ್ಣು ತುರುಕಿದಳು. "ಕಣ್ಣು ತಿರುಗಿದಂಗಾದ್ರ ಉಗುರಿಲೆ ಗೀರಿ ಮೂಸು. ಹಸದ ಹೊಟ್ಟಿಲೆ ಇರಬ್ಯಾಡ" ಎಂದು ಕಿವಿಯಲ್ಲಿ ಹೇಳಿದಳು. ನಾನು ದಾರಿಯುದ್ದಕ್ಕೂ ಮೂಸಿದೆ, ಏನೂ ಆಗಲಿಲ್ಲ. ಹೊಸಪೇಟೆ ತಲುಪಿದಾಗ ರಾಜಾಸಾಬ ಹಿಂದೆ ತಿರುಗಿ, "ಶಾಬ್ಬಾಸ್! ಒಬ್ಬರೂ ಕಾರ್ಕೊಳ್ಳಿಲ್ಲ" ಎಂದು ಹೊಗಳಿದ. ತೋಟ ಚೆನ್ನಾಗಿತ್ತು. ಸಂಜೆ ದೀಪ ಹತ್ತಿ, ನೀರು ಕೆಂಪಾಗಿ ಮೇಲೆದ್ದು ಹಸಿರಾಗಿ ಕೆಳಗೆ ಬಿದ್ದಾಗ ಮಂದಿಯೆಲ್ಲ ಹೋ ಎಂದರು. ಆಯಿ ಮಾತ್ರ, "ಇದನ್ನ ನೀಲಾ ನೋಡಬೇಕಿತ್ತು" ಅಂದಳು. ನಾನು ಜೇಬಿನಲ್ಲಿ ಕೈಯಿಟ್ಟೆ. ಸಿಪ್ಪೆಯೆಲ್ಲ ಗೀರಿ ಗೀರಿ ನಿಂಬೆಹಣ್ಣು ಬಾಡಿಹೋಗಿತ್ತು.

ಕೆಲವು ದಿನಗಳ ಮೇಲೆ ಎದುರು ಮನೆಯ ಬಸಮ್ಮ ನಮ್ಮ ಕಟ್ಟೆಗೆ ಬಂದು ನಗುತ್ತ ಹೇಳಿದಳು. ನಾವು ಹೋದ ದಿನ ಮಧ್ಯಾಹ್ನ ಮಜ್ಜಿಗೆ ಕೇಳಲು ಬಂದರೆ, ನೀಲತ್ತಿ ಮೊರ ಹಿಡಿದು ಅಕ್ಕಿ ಆರಿಸುತ್ತ ಪಡಸಾಲೆಯ ಗೆರೆಗಳ ನಡುವೆ, ಆ ಕಿಟಕಿಯ ಪಕ್ಕವೇ ಕೂತಿದ್ದಳಂತೆ. "ಗಾಡಿ ಎಲ್ಲೀಮಟ ಬಂತ ನೀಲವ್ವಾ? ಅಂದೆ. ಕೊಪ್ಪಳ ದಾಟೇತ್ರಿ, ಬರ್ರಿ ಹತ್ತರ್ರಿ, ಜಾಗಾ ಭಾಳ ಐತಿ ಅಂತಾಳ, ಹುಚ್ಚಿ!" ಮನೆಯವರೆಲ್ಲ ನಕ್ಕರು. ನೀಲತ್ತಿ ಎಲ್ಲರಿಗಿಂತ ಹೆಚ್ಚು ನಕ್ಕಳು. ನಾನು ಹಿತ್ತಲಿಗೆ ಹೋಗಿ ನಿಂಬೆ ಗಿಡದ ಕೆಳಗೆ ನಿಂತೆ.

ಮುಂದಿನ ಸಲ ಎಂಬುದು ಬರಲಿಲ್ಲ. ಮದುವೆ, ಸೀಮಂತ, ಯಾತ್ರೆ, ಯಾವುದಕ್ಕೆ ಹೊರಟರೂ "ಆಕಿಗೆ ಗಾಡಿ ಆಗಿಬರಂಗಿಲ್ಲ ಬಿಡು" ಎಂಬುದು ಮನೆಯ ಮಾತಾಯಿತು. ಆಯಿಯ ಅಕ್ಕ ಲಕ್ಷ್ಮೇಶ್ವರದಲ್ಲಿ ತೀರಿಕೊಂಡಾಗ, ಅಷ್ಟು ದೂರ ಕಿಟಕಿಗೆ ಗಲ್ಲವಿಟ್ಟು ಹೋಗಿಬಂದಿದ್ದವಳನ್ನೇ ಮನೆ ಕಾಯಲು ಬಿಟ್ಟರು. ಒಮ್ಮೆ ಬಾಯಿ ಬಿಟ್ಟಿದ್ದರೆ ಆಕೆಯ ಜಾಗ ಆಕೆಗೆ ಸಿಗುತ್ತಿತ್ತು, ನನ್ನ ಸುಳ್ಳೂ ಬಯಲಾಗುತ್ತಿತ್ತು. ಆಕೆ ಬಿಡಲಿಲ್ಲ. ನಾನು ಮೆಟ್ರಿಕ್ ಮುಗಿಸಿದೆ, ಮೀಸೆ ಬಂತು, ದೊಡ್ಡಪ್ಪನ ಅಂಗಡಿಯ ಗಲ್ಲೆಯ ಮೇಲೆ ಕೂತೆ. ಆದರೂ ಹೇಳಲಿಲ್ಲ. ಪ್ರತಿ ಪಯಣಕ್ಕೂ ಬುತ್ತಿ ಕಟ್ಟುವವಳು ಆಕೆಯೇ. ನನ್ನ ಜೇಬಿಗೆ ನಿಂಬೆಹಣ್ಣು ಹಾಕುವವಳೂ ಆಕೆಯೇ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಕೆಗೆ ಹೊಟ್ಟೆಯಲ್ಲಿ ಗಂಟಾಯಿತು. ಹುಬ್ಬಳ್ಳಿಗೆ ಕರೆದೊಯ್ಯಲು ಬಾಡಿಗೆಯ ಅಂಬಾಸಿಡರ್ ತಂದೆವು. ದೊಡ್ಡವ್ವ ಕಿಟಕಿಯಿಂದ ಹಳೇ ಟವೆಲ್ ಕೊಟ್ಟು, "ಕಾರ್ಕೊಂಡ್ರ ಇದನ್ನ ಹಿಡೀಲೇ" ಅಂದಳು. ನಾನು ನಿಂಬೆಹಣ್ಣು ಗೀರಿ ನೀಲತ್ತಿಯ ಮೂಗಿಗೆ ಹಿಡಿದೆ. ಆಕೆ ಅದನ್ನು ತೆಗೆದುಕೊಂಡು ನನ್ನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. ಹುಲಕೋಟಿ ದಾಟಿದ ಮೇಲೆ, "ಇಲ್ಲಿಂದ ಮುಂದ ನಾ ನೋಡಿಲ್ಲ" ಎಂದು ಕಿಟಕಿಗೆ ಗಲ್ಲವಿಟ್ಟಳು. "ಅತ್ತಿ, ಆವತ್ತು ಮುಂಡರಗಿ ಬಸ್ಸಿನ್ಯಾಗ..." ಎಂದು ನಾನು ಶುರು ಮಾಡಿದೆ. ಆಕೆ ಹೊರಗೆ ನೋಡುತ್ತಲೇ, "ಅದೇನ್ ಊರೋ, ಆ ಗಿಡಾ ಕಾಣೂದು?" ಎಂದು ಕೇಳಿದಳು. ಅಣ್ಣಿಗೇರಿ, ಅಂದೆ. ಅಣ್ಣಿಗೇರಿ, ಅಂದಳು. ಹುಬ್ಬಳ್ಳಿ ಬರುವವರೆಗೂ ನನಗೆ ಇನ್ನೊಂದು ಮಾತಿಗೆ ಎಡೆ ಕೊಡದೆ ಒಂದೊಂದೇ ಊರಿನ ಹೆಸರು ಕೇಳಿದಳು. ಆಸ್ಪತ್ರೆಯಿಂದ ಆಕೆ ತಿರುಗಿ ಬರಲಿಲ್ಲ.

ಆ ಪಡಸಾಲೆಯ ಕಲ್ಲುಗಳನ್ನು ಮನೆ ಕೆಡವಿದಾಗ ಯಾರೋ ಹೇರಿಕೊಂಡು ಹೋದರು. ದೊಡ್ಡಪ್ಪ, ಆಯಿ, ಬಸಮ್ಮ, ರಾಜಾಸಾಬ, ಆ ಸುಳ್ಳನ್ನು ನಂಬಿದವರೆಲ್ಲ ನಂಬಿಕೊಂಡೇ ಹೋದರು. ಅವರಿಗೆ ಹೇಳುವ ಹೊತ್ತು ಮೀರಿದೆ. ಆದರೆ ಆವತ್ತು ಮಗ ಆ ಮಾತಾಡಿ ಸೊಸೆಯ ಜೊತೆ ಒಳಗೆ ಹೋದ ಮೇಲೆ, ಮೊಮ್ಮಗಳು ನನ್ನ ಹತ್ತಿರ ಸರಿದು ಮೆಲ್ಲಗೆ ಕೇಳಿದಳು. ತನ್ನನ್ನೂ ಬಿಟ್ಟು ಹೋಗುತ್ತಾರೇನೋ ಎಂಬ ಅಂಜಿಕೆ ಅವಳ ಕಣ್ಣಲ್ಲಿತ್ತು. "ಅಜ್ಜಾ, ನೀಲಜ್ಜಿಗೆ ಖರೇನ ಗಾಡ್ಯಾಗ ವಾಂತಿ ಆಗತಿತ್ತೇನು?"

"ಇಲ್ಲವ್ವಾ" ಅಂದೆ. "ಆಕಿ ಚೊಲೋ ಕುಂಡ್ರತಿದ್ಲು. ವಾಂತಿ ಆಗಿದ್ದು ನನಗ."

ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ಅವ್ವ ಇಟ್ಟುಹೋದ ನಿಂಬೆಹಣ್ಣುಗಳಲ್ಲಿ ಒಂದನ್ನು ಆರಿಸಿ ತಂದು ನನ್ನ ಕೈಗೆ ಕೊಟ್ಟಳು.