ತೋಂಟೇಶ ಮಾಸ್ತರರ ಬರಿಯ ಮಣಿಕಟ್ಟು

ಕಾಶಿಯಲ್ಲಿ ದಾರವಿಲ್ಲದ ಮಣಿಕಟ್ಟು ಹುಡುಕುವುದು ಸುಲಭವಲ್ಲ. ಆದರೂ ಮೂವತ್ತೊಂದು ವರ್ಷ ಅಂಥದ್ದೊಂದು ಮಣಿಕಟ್ಟು ಬಂಗಾಲಿ ಟೋಲಾದ ಓಣಿಗಳಲ್ಲಿ ರಾಜಾರೋಷವಾಗಿ ಓಡಾಡಿತು. ಅದು ಗದಗಿನ ತೋಂಟೇಶ ಮಾಸ್ತರರದು. ವಿಶ್ವವಿದ್ಯಾಲಯದ ವರ್ಕ್‌ಶಾಪಿನಲ್ಲಿ ಅವರು ಬಡಗಿ ಕೆಲಸ ಕಲಿಸುತ್ತಿದ್ದರು.

ವರ್ಕ್‌ಶಾಪಿನ ಬಾಗಿಲ ಮೊಳೆಗೆ ಒಂದು ಕತ್ತರಿ ನೇತಾಡುತ್ತಿತ್ತು. ಚಕ್ರದ ಗರಗಸದ, ಅಲ್ಲಿಯವರ ಬಾಯಲ್ಲಿ ಆರಾ ಮಶೀನಿನ, ಹತ್ತಿರ ಹೋಗುವವರು ಮೊದಲು ಉಂಗುರ, ಗಡಿಯಾರ ತೆಗೆದು ತೋಳು ಮಡಚಬೇಕು. ರಕ್ಷೆಗೆಂದು ಕಟ್ಟಿಸಿಕೊಂಡ ಕಾಲಭೈರವನ ಕಪ್ಪು ದಾರವಿದ್ದರೆ ಮಾಸ್ತರರೇ ಕಚಕ್ಕನೆ ಕತ್ತರಿಸಿ ಡಬ್ಬಿಗೆ ಹಾಕುತ್ತಿದ್ದರು. ಶನಿವಾರ ಸಂಜೆ ಅವನ್ನೆಲ್ಲ ಕೇದಾರ ಘಾಟಿನಲ್ಲಿ ಗಂಗೆಗೆ ಬಿಡುತ್ತಿದ್ದರು. ಹುಡುಗರು ಬೆನ್ನ ಹಿಂದೆ ಅವರನ್ನು ನಾಸ್ತಿಕ ಎಂದು ಬೈದುಕೊಂಡರು. ಬೈದುಕೊಳ್ಳಲಿ, ಹತ್ತು ಬೆರಳೂ ಇಟ್ಟುಕೊಂಡು ಬೈಯುತ್ತಾರಲ್ಲ ಎಂಬುದೇ ಅವರ ಸಮಾಧಾನ.

ಗದಗಿನ ಸಾಮಿಲ್ಲಿನಲ್ಲಿ ಅವರಿಗೆ ಕೆಲಸ ಕಲಿಸಿದ ಬಸಪ್ಪನವರ ಕೈದಾರ ಒಮ್ಮೆ ಗರಗಸದ ಹಲ್ಲಿಗೆ ಸಿಕ್ಕಿತ್ತು. ದಾರ ಹರಿಯಲಿಲ್ಲ, ಕೈಯನ್ನೇ ಎಳೆದುಕೊಂಡಿತು. ಎರಡು ಬೆರಳು ಹೋದವು. ಅಂದಿನಿಂದ ತೋಂಟೇಶರ ನಿಯಮಗಳು ಕಲ್ಲಿನ ಮೇಲೆ ಕೊರೆದಂತೆ. ಗರಗಸದ ನೇರಕ್ಕೆ ನಿಲ್ಲಬೇಡಿ, ಮರ ಹಿಂದಕ್ಕೆ ಚಿಮ್ಮುತ್ತದೆ. ಕೊನೆಯ ಗೇಣನ್ನು ಕೋಲಿನಿಂದ ತಳ್ಳಿ. ಚಕ್ರ ಪೂರ್ತಿ ನಿಲ್ಲುವತನಕ ಚೂರುಪಾರು ಮುಟ್ಟಬೇಡಿ.

ಮದುವೆಯಾದ ಹೊಸತರಲ್ಲಿ ಹೆಂಡತಿ ಶಿವಗಂಗಾ ಭೈರವನ ಗುಡಿಯಿಂದ ದಾರ ತಂದಿದ್ದಳು. ಇವರು ಕೈ ಹಿಂದಕ್ಕೆಳೆದುಕೊಂಡರು. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ, "ರಿಟೈರ್ ಆಗ್ರಿ, ಆಮ್ಯಾಲ ಹೆಂಗ ಕಟ್ಟಿಸ್ಕೊಳ್ಳೂದಿಲ್ಲ ನೋಡ್ತೀನಿ" ಎಂದಳು. ಮೂವತ್ತೊಂದು ವರ್ಷ ಕಾದಳು ಪುಣ್ಯಾತ್ಗಿತ್ತಿ. ನಿವೃತ್ತಿಯ ಸಂಜೆ, ಹಾರ ಇನ್ನೂ ಕೊರಳಲ್ಲಿರುವಾಗಲೇ, ಕೈ ಹಿಡಿದು ದಾರ ಸುತ್ತಿ ಮೂರು ಗಂಟು ಹಾಕಿದಳು. ಎರಡೇ ವರ್ಷಕ್ಕೆ ಅವಳನ್ನು ಮಣಿಕರ್ಣಿಕೆಯ ಚಿತೆಗೆ ಒಯ್ಯಬೇಕಾಯಿತು. ದಾರ ಬಣ್ಣಗೆಟ್ಟು ಕಂದಾಗಿತ್ತು. ಸ್ನಾನ ಮಾಡುವಾಗ ಮಾಸ್ತರರು ಅದಕ್ಕೆ ಸೋಪು ತಾಗದಂತೆ ನೋಡಿಕೊಳ್ಳುತ್ತಿದ್ದರು.

ಅವರ ಜಾಗಕ್ಕೆ ಬಂದಿದ್ದ ಧಾರವಾಡದ ಗಗನಾ ಈ ಚಳಿಗಾಲದಲ್ಲಿ ಫೋನು ಮಾಡಿದಳು. "ಸರ್, ಅರ್ಧ ಹುಡುಗ್ರು ಮಷಿನ್ನಿಗೆ ಅಂಜ್ತಾರ, ಅರ್ಧ ಹುಡುಗ್ರು ಅಂಜೂದೇ ಇಲ್ಲ. ನಂಗ ಅಂಜಿಕಿ ಇರೂದು ಎರಡನೇದವರದ್ದ. ಒಂದಿನ ಬಂದು ಕಲಿಸ್ರಿ."

ಹೋದರು. ಶೀಶಮ್ ಮರದ ಹೊಟ್ಟಿನ ವಾಸನೆ ಮೂಗಿಗೆ ಬಿದ್ದದ್ದೇ ಕಣ್ಣು ತುಂಬಿತು. ಕತ್ತರಿ ಅದೇ ಮೊಳೆಯಲ್ಲಿತ್ತು. ಮಕ್ಕಳ ದಾರಗಳನ್ನು ಗಗನಾ ಆಗಲೇ ಡಬ್ಬಿಗೆ ಹಾಕಿದ್ದಳು. ಮಾಸ್ತರರು ನಿಯಮಗಳನ್ನೆಲ್ಲ ಹಿಂದಿಯಲ್ಲಿ ಹೇಳಿ, ಅಭ್ಯಾಸಬಲದಿಂದ ಅಂಗಿಯ ತೋಳು ಮಡಚಿದರು. ಮಣಿಕಟ್ಟಿನಲ್ಲಿ ಶಿವಗಂಗಾ ಕಟ್ಟಿದ ದಾರ ಕಂಡಿತು.

ಮಕ್ಕಳಿಗೆ ತಿಳಿಯದಿರಲೆಂದು ಗಗನಾ ಕನ್ನಡದಲ್ಲಿ ಮೆಲ್ಲಗೆ, "ನೀವು ಹೇಳ್ರಿ ಸಾಕು ಸರ್, ಮಷಿನ್ ನಾ ನಡಸ್ತೀನಿ" ಎಂದಳು.

ಆಗಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಮುಂದೆ ನಿಂತಿದ್ದ ಒಬ್ಬ ಹುಡುಗಿ ತನ್ನ ಬರಿಯ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತಿದ್ದಳು. ದಾರವಿದ್ದ ಕಡೆ ಚರ್ಮ ಬಳೆಯಾಕಾರದಲ್ಲಿ ಬೆಳ್ಳಗಿತ್ತು. ಮಾಸ್ತರರು ಕತ್ತರಿ ತೆಗೆದುಕೊಂಡರು. ಗಗನಾಳತ್ತ ಕತ್ತರಿಯನ್ನೂ ಮಣಿಕಟ್ಟನ್ನೂ ಚಾಚಿ, "ನೀನೇ ಕತ್ತರಿಸವಾ" ಎಂದರು.

ದಾರ ಅಂಗೈಗೆ ಬಿತ್ತು. ಅವರು ಹುಡುಗಿಯನ್ನು, "ನಿನಗೆ ಯಾರು ಕಟ್ಟಿದ್ದರು ಮಗಳೇ?" ಎಂದು ಹಿಂದಿಯಲ್ಲಿ ಕೇಳಿದರು. ಅಷ್ಟು ವರ್ಷಗಳಲ್ಲಿ ಯಾರನ್ನೂ ಕೇಳಿರದ ಮಾತು ಅದು.

"ಅಜ್ಜಿ."

"ನನಗೆ ನನ್ನ ಹೆಂಡತಿ" ಎಂದರು ಮಾಸ್ತರರು. ದಾರವನ್ನು ಡಬ್ಬಿಗೆ ಹಾಕಿ, ಗರಗಸದ ಪಕ್ಕಕ್ಕೆ ಸರಿದು ನಿಂತು, ಸ್ವಿಚ್ಚು ಒತ್ತಿದರು.