ಥ್ರೆಡ್ ಬದಲಾಗುವ ಹೊತ್ತು

ಗೆಳೆಯರೇ, ಇವತ್ತು ಬೆಳಿಗ್ಗೆ ಮಂಡ್ಯದ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದೆ. ಅದರ ಮಿದುಳಾದ ಪ್ರೊಸೆಸರ್ ಒಂದು ಥ್ರೆಡ್, ಅಂದರೆ ಒಂದು ಕೆಲಸದ ಎಳೆ, ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಎಷ್ಟು ಹೊತ್ತು ವ್ಯರ್ಥವಾಗುತ್ತದೆ ಎಂದು ಅಳೆಯುವುದು ನನ್ನ ಕೆಲಸ. ನಮ್ಮೂರು ಆತಗೂರಿನಿಂದ ಬಂದಿದ್ದ ಬಾಲ್ಯದ ಗೆಳೆಯ ಚಿಕ್ಕಣ್ಣ ಅದೇನೆಂದು ಕೇಳಿದ. ತಲೆ ಒಂದೇ, ಕೆಲಸ ನಾಲ್ಕು ಎಂದು ವಿವರಿಸಿದೆ.

"ಲೇ, ಇದು ನಮ್ ಮೇಷ್ಟ್ರು ಕಣ್ಲಾ!" ಎಂದು ನಕ್ಕ.

ಎಪ್ಪತ್ತರ ದಶಕದಲ್ಲಿ ನಮ್ಮೂರ ಶಾಲೆಯ ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳು, ಒಬ್ಬರೇ ಮೇಷ್ಟ್ರು. ನಾಲ್ಕನೇ ತರಗತಿಯವರಿಗೆ ಪಾಠ ಹೇಳಿ ಮೂರನೆಯವರಾದ ನಮ್ಮ ಕಡೆ ತಿರುಗಿದಾಗ "ಎಲ್ಲಿಗೆ ನಿಲ್ಸಿದ್ದೆ?" ಎನ್ನುತ್ತಿದ್ದರು. ನಾವೆಲ್ಲ ಒಟ್ಟಾಗಿ ಮುಗಿದ ಪಾಠವನ್ನೇ ತೋರಿಸುತ್ತಿದ್ದೆವು. ಆ ವರ್ಷ ಭಾಗಾಕಾರ ಬರಲೇ ಇಲ್ಲ.

ಚಿಕ್ಕಣ್ಣನ ನಗು ನಿಂತಿತು. "ನನ್ ಮೊಮ್ಮಗಳ ಇಸ್ಕೂಲ್ಗೂ ಈಗ ಒಬ್ರೇ ಮೇಡಮ್ಮು. ಇನ್ನೊಬ್ರು ಬೇಕು ಅಂತ ಅರ್ಜಿ ಕೊಡ್ಬೇಕು. ನಿನ್ ಲೆಕ್ಕಾನೂ ಸೇರ್ಸಿ ಬರ್ಕೊಡು."

"ಇಲ್ಲಿ ಕಳೆಯೋದು ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಹೊತ್ತು ಕಣಯ್ಯ."

"ಕಳೀತದೆ ತಾನೆ? ಅಷ್ಟ್ ಬರಿ, ಸಾಕು ಬುಡು."

ಬರೆದುಕೊಟ್ಟೆ. ನಮ್ಮ ಆ ಹಳೆಯ ಶಾಲೆಯದೆಂದು ನನಗೆ ಇನ್ನೂ ನೆನಪಿರುವ ಖುಷಿಯೆಲ್ಲ ಮೇಷ್ಟ್ರು ಬೇರೆ ತರಗತಿಯ ಕಡೆ ತಿರುಗಿದ್ದ ಹೊತ್ತಿನದು ಎಂಬುದನ್ನು ಮಾತ್ರ ಅರ್ಜಿಯಲ್ಲಿ ಸೇರಿಸಲಿಲ್ಲ.