ವಿಭೂತಿ ಹಿಡಿದ ಕೈ

ಬೆಳಿಗ್ಗೆ ಮೂರು ಬೆರಳು ಒದ್ದೆ ಮಾಡಿ ವಿಭೂತಿ ಗಟ್ಟಿಯ ಮೇಲೆ ಎಳೆದೆ. ಆ ವಾಸನೆಗೆ ಅಪ್ಪ ಬಂದು ಎದುರಿಗೆ ನಿಂತಂತಾಯಿತು.

ಹೈಸ್ಕೂಲಿನಲ್ಲಿದ್ದಾಗ ಶಿರಾ ಗೇಟ್ ಹತ್ತಿರ, ಟೈರ್ ಅಂಗಡಿಯೊಂದರ ತಾರಸಿಯಲ್ಲಿ ನಾನು ಕುಂಗ್‌ಫು ಕಲಿಯುತ್ತಿದ್ದೆ. ಮುಂಗೈ ಊದಿಕೊಳ್ಳುವವರೆಗೂ ಮಾಸ್ಟರ್ ಒಂದನ್ನೇ ಮಾಡಿಸುತ್ತಿದ್ದರು. "ತಡೆದು ಆಮೇಲೆ ಹೊಡೆಯೋದಲ್ಲ ಕಣಮ್ಮ. ಎಡಗೈ ತಡೀತಿದ್ದಂಗೇ ಬಲಗೈ ಹೋಗಿರ್ಬೇಕು. ಯೋಚ್ನೆ ಮಾಡ್ಬಾರ್ದು."

ಅಪ್ಪನಿಗೆ ಮಾತಿಗಿಂತ ಕೈ ಮುಂದು. ಮಗ್ಗಿ ತಪ್ಪಿದರೂ ಏಟು, ಲೋಟ ಬಿದ್ದರೂ ಏಟು. ಸ್ನಾನವಾದ ಮೇಲೆ ಅದೇ ಕೈಯಿಂದ ನನ್ನ ಹಣೆಗೆ ವಿಭೂತಿ ಇಡುತ್ತಿದ್ದರು. ಒಂದು ಸೋಮವಾರ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಎತ್ತಿದ ಕೈ ಕಂಡಿತು, ಅಷ್ಟೇ. ನನ್ನ ಎಡಗೈ ಅದನ್ನು ತಡೆಯಿತು, ಬಲಗೈ ಅವರ ಎದೆಗೆ ಬಡಿಯಿತು.

ಅಪ್ಪ ಗೋಡೆಗೆ ಒರಗಿಕೊಂಡು ಮೆಲ್ಲಗೆ ಹೇಳಿದರು, "ಈಬೂತಿ ಇಡಾಕ್ ಬಂದೆ ಕಣವ್ವ."

ಆಮೇಲೆ ಅವರು ನನ್ನನ್ನು ಹೊಡೆಯಲಿಲ್ಲ. ಹಣೆ ಮುಟ್ಟಲೂ ಇಲ್ಲ. ಸಾಯುವವರೆಗೂ ವಿಭೂತಿ ಗಟ್ಟಿಯನ್ನು ನನ್ನ ಮುಂದಿಟ್ಟು ಹೋಗಿಬಿಡುತ್ತಿದ್ದರು.

ಇವತ್ತು ಆ ಮೂರು ಬೆರಳು ಎತ್ತಿಕೊಂಡು ಮಗಳ ಹತ್ತಿರ ಹೋದೆ. ಅವಳ ಮೊಣಕೈ ತಟ್ಟನೆ ಮುಖಕ್ಕೆ ಅಡ್ಡ ಬಂತು.

ಅವಳು ಯಾವ ಕುಂಗ್‌ಫು ಕ್ಲಾಸಿಗೂ ಹೋದವಳಲ್ಲ.